45 ದಿನದ ಕಾನೂನು ಇದ್ದು ಏನು ಪ್ರಯೋಜನ?

ಪೀಣ್ಯ ಸೆಕೆಂಡ್ ಸ್ಟೇಜ್
ಲೋಹ ಕೊರೆಯುವ ಎರಡು ವಿಎಂಸಿ ಮೆಷಿನ್, ಒಂದು ಲೇತ್, ಏಳು ಜನ ಇರುವ ಶೆಡ್ ನಮ್ಮದು. ಪಂಪಿನ ಬಿಡಿಭಾಗಗಳ ಜಾಬ್‌ವರ್ಕ್ ಮಾಡುತ್ತೇವೆ. 2006ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ಯಮ) ಕಾಯ್ದೆ ಪ್ರಕಾರ ಸಣ್ಣ ಘಟಕಕ್ಕೆ 45 ದಿನದೊಳಗೆ ದುಡ್ಡು ಕೊಡಬೇಕು. ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನನ್ನ ದೊಡ್ಡ ಗಿರಾಕಿ ಕೊಡುವುದು 120 ದಿನಕ್ಕೆ. ಬಡ್ಡಿ ಬಿಡಿ, ಅಸಲು ಕೇಳುವುದಕ್ಕೇ ಹತ್ತು ಸಲ ಫೋನ್ ಮಾಡಬೇಕು. ಬಿಲ್ ಹಾಕಿದ ತಪ್ಪಿಗೆ ನಾನು ಮಾತ್ರ ಕೈಯಿಂದ ಜಿಎಸ್‌ಟಿ ಕಟ್ಟಿರುತ್ತೇನೆ.

ಆಮೇಲೆ ಆದಾಯ ತೆರಿಗೆಯಲ್ಲಿ 43ಬಿ(ಎಚ್) ಅನ್ನೋ ಕಲಂ ತಂದರು. ಗಡುವು ಮೀರಿ ಬಾಕಿ ಉಳಿಸಿಕೊಂಡರೆ ಆ ವರ್ಷ ಅದನ್ನು ಖರ್ಚು ಅಂತ ತೋರಿಸುವ ಹಾಗಿಲ್ಲ. ಖುಷಿಪಟ್ಟೆ. 2024ರ ಫೆಬ್ರವರಿಯಲ್ಲಿ ಅದೇ ಗಿರಾಕಿಯ ಕಡೆಯಿಂದ ಫೋನ್: "ಉದ್ಯಮ್ ನೋಂದಣಿ ರದ್ದು ಮಾಡಿಸಿ, ಇಲ್ಲಾಂದ್ರೆ ಆರ್ಡರ್ ಬೇರೆಯವರಿಗೆ ಹೋಗುತ್ತೆ." ಸಣ್ಣ ಘಟಕ ಅಂತ ಸರ್ಕಾರ ಕೊಡುವ ಆ ನೋಂದಣಿ ಇಲ್ಲದಿದ್ದರೆ ಅವರಿಗೆ ಈ ಗಡುವೂ ಇಲ್ಲವಲ್ಲ. ನಾನು ದೂರು ಕೊಟ್ಟರೆ ಕೆಲಸ ಹೋಗುತ್ತದೆ. ಹಾಗಾಗಿ ದೂರು ಕೊಡುವ ಹೊರೆ ನಮ್ಮ ಮೇಲೆ ಇರಲೇಬಾರದು. ಬಿಲ್ಲು, ದಿನಾಂಕ ಎಲ್ಲ ಜಿಎಸ್‌ಟಿ ಪೋರ್ಟಲ್‌ನಲ್ಲಿ ಇದೆ. ಸರ್ಕಾರ ತಾನಾಗಿಯೇ ಕ್ರಮ ತೆಗೆದುಕೊಳ್ಳಲಿ. ಏನಂತೀರಿ?

ಲೆಡ್ಜರ್
"ಬಡ್ಡಿ ಬಿಡಿ" ಅಂತೀರಲ್ಲ, ಯಾಕೆ ಬಿಡಬೇಕು? ತೆರಿಗೆ ಕೆಲಸ ಮಾಡುವವನಾಗಿ ಹೇಳುತ್ತೇನೆ, ಅರ್ಧ ಜನ ಹೀಗೆ ಬಿಟ್ಟೇ ಹಾಳಾಗಿದ್ದಾರೆ. ತಡ ಪಾವತಿಯ ದೂರು ಕೊಡುವುದಕ್ಕೆ 2017ರಿಂದ ಸಮಾಧಾನ್ ಪೋರ್ಟಲ್ ಇದೆ. ಅರ್ಜಿ ಹಾಕಿದರೆ ಇಂಥ ಬಾಕಿ ವ್ಯಾಜ್ಯ ತೀರ್ಮಾನಿಸುವ ಫೆಸಿಲಿಟೇಶನ್ ಕೌನ್ಸಿಲ್‌ಗೆ ಹೋಗುತ್ತದೆ. 90 ದಿನದಲ್ಲಿ ತೀರ್ಮಾನ ಆಗಬೇಕು ಅಂತ ಕಾಯ್ದೆಯಲ್ಲೇ ಇದೆ. ಕೌನ್ಸಿಲ್ ಆದೇಶದ ವಿರುದ್ಧ ಕೋರ್ಟಿಗೆ ಹೋಗಬೇಕಾದರೆ ಖರೀದಿದಾರ ಮೊದಲು 75% ಠೇವಣಿ ಇಡಬೇಕು. ಬಾಕಿ ಬರಬೇಕಾದವನಿಗೆ ಇದು ಗಟ್ಟಿ ಕಾನೂನು.

ಪೀಣ್ಯ ಸೆಕೆಂಡ್ ಸ್ಟೇಜ್
90 ದಿನ ಅಂತ ಬರೆದಿದೆ ಸರ್. ಬರೆದಿದ್ದೆಲ್ಲ ನಡೆಯುವ ಹಾಗಿದ್ದರೆ 45 ದಿನವೂ ನಡೆಯುತ್ತಿತ್ತು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನೋದು ಇದಕ್ಕೇ.

ಪರ್ಚೇಸ್ ಡೆಸ್ಕ್
ನಾನು ಖರೀದಿ ವಿಭಾಗದಲ್ಲಿ ಇರುವವನು, ಎಲ್ಲರೂ ನಮ್ಮನ್ನೇ ಬೈಯುತ್ತೀರಿ. "120 ದಿನ" ಅಂದಿರಿ. ಯಾವತ್ತಿಂದ ಎಣಿಸಿದಿರಿ? ಚಲನ್ ದಿನದಿಂದಲೋ, ನಮ್ಮ ಕ್ವಾಲಿಟಿಯವರು ಪಾಸ್ ಮಾಡಿದ ದಿನದಿಂದಲೋ? ಬೋರ್ ಸೈಜ್ ತಪ್ಪಿ ಬಂದ ಮಾಲನ್ನು ವಾಪಸ್ ಕಳಿಸಿ, ರೀವರ್ಕ್ ಆಗಿ ಬರುವಷ್ಟರಲ್ಲಿ ತಿಂಗಳು ಕಳೆದಿರುತ್ತದೆ. ನಮಗೂ ನಮ್ಮ ಗಿರಾಕಿ ದುಡ್ಡು ಕೊಡಬೇಕಲ್ಲ.

ಲೆಡ್ಜರ್
ಇದಕ್ಕೆ ಕಾಯ್ದೆಯಲ್ಲೇ ಉತ್ತರ ಇದೆ. ಮಾಲು ಬಂದ 15 ದಿನದೊಳಗೆ ಬರವಣಿಗೆಯಲ್ಲಿ ಆಕ್ಷೇಪ ಹೇಳದಿದ್ದರೆ, ಮಾಲು ಬಂದ ದಿನವೇ ಒಪ್ಪಿಕೊಂಡ ಹಾಗೆ. ನಿಮ್ಮ ಕ್ವಾಲಿಟಿಯವರು ಯಾವಾಗ ಪಾಸ್ ಮಾಡಿದರು ಅನ್ನೋದು ಮುಖ್ಯ ಅಲ್ಲ. ಇನ್ನೊಂದು, 43ಬಿ(ಎಚ್) ಬಗ್ಗೆ ಸುಮ್ನೆ ಹೆದರಿಸಬೇಡಿ. ಜೂನ್ ಬಿಲ್ಲನ್ನು ಡಿಸೆಂಬರ್‌ನಲ್ಲಿ ಕೊಟ್ಟರೂ ಆ ವರ್ಷದ ಖರ್ಚಿಗೆ ಅಡ್ಡಿ ಇಲ್ಲ. ಮಾರ್ಚ್ 31ಕ್ಕೆ ಗಡುವು ಮೀರಿ ಬಾಕಿ ಉಳಿದರೆ ಮಾತ್ರ ಪೆಟ್ಟು. ಅದೂ ಕೊಟ್ಟ ವರ್ಷದಲ್ಲಿ ವಾಪಸ್ ಸಿಗುತ್ತದೆ.

ಪರ್ಚೇಸ್ ಡೆಸ್ಕ್
ನೋಡಿ, "ಅಡ್ಡಿ ಇಲ್ಲ" ಅಂತ ನೀವೇ ಒಪ್ಪಿಕೊಂಡಿರಿ. ಡಿಸೆಂಬರ್‌ನಲ್ಲಿ ಕೊಟ್ಟರೂ ನಡೆಯುತ್ತದೆ.

ಲೆಡ್ಜರ್
ತೆರಿಗೆಗೆ ಅಡ್ಡಿ ಇಲ್ಲ ಅಂದೆ! 2006ರ ಕಾಯ್ದೆಯ ಬಡ್ಡಿ ಓಡುತ್ತಲೇ ಇರುತ್ತದೆ. ಆ ಬಡ್ಡಿಯನ್ನು ನೀವು ಖರ್ಚಾಗಿಯೂ ತೋರಿಸುವ ಹಾಗಿಲ್ಲ. ಪೂರ್ತಿ ಓದಿ ಮಾತಾಡಿ.

ಉದ್ಯಮಬಾಗ್
ಬೆಳಗಾವಿಯಿಂದ. ನಮ್ಮದು ಫೌಂಡ್ರಿ. ಪೀಣ್ಯದವರೇ, ಅಳುವುದು ಬಿಟ್ಟು ಟ್ರೆಡ್ಸ್‌ಗೆ ಬನ್ನಿ, ಬಿಲ್ ಮೇಲೆ ಬ್ಯಾಂಕಿನಿಂದ ಮೊದಲೇ ದುಡ್ಡು ಸಿಗುವ ಆನ್‌ಲೈನ್ ವೇದಿಕೆ ಅದು. ಬಿಲ್ ಅಪ್‌ಲೋಡ್ ಮಾಡಿದರೆ ಬ್ಯಾಂಕುಗಳು ಬಿಡ್ ಮಾಡುತ್ತವೆ, ದುಡ್ಡು ಬೇಗ ಬರುತ್ತದೆ. ಗಿರಾಕಿ ಆಮೇಲೆ ಕೊಡದಿದ್ದರೂ ಬ್ಯಾಂಕು ನಮ್ಮ ಕತ್ತು ಹಿಡಿಯುವ ಹಾಗಿಲ್ಲ. 250 ಕೋಟಿಗಿಂತ ಜಾಸ್ತಿ ವಹಿವಾಟಿನ ಕಂಪನಿಗಳು ಅಲ್ಲಿ ನೋಂದಾಯಿಸಲೇಬೇಕು ಅಂತ 2024ರ ನವೆಂಬರ್‌ನಲ್ಲಿ ಅಧಿಸೂಚನೆ ಬಂದಿದೆ. ಮೊದಲು 500 ಕೋಟಿ ಇತ್ತು. ಕಾಸ್ಟಿಂಗ್ ಹಾಕುವವರಿಗೆ ಕಚ್ಚಾ ಕಬ್ಬಿಣ, ಕೋಕ್‌ಗೆ ಮೊದಲೇ ದುಡ್ಡು ಬೇಕು. ನಾವು ಇದರಿಂದಲೇ ಉಸಿರಾಡುತ್ತಿದ್ದೇವೆ.

ಪೀಣ್ಯ ಸೆಕೆಂಡ್ ಸ್ಟೇಜ್
"ನೋಂದಾಯಿಸಲೇಬೇಕು" ಸರಿ. ನೋಂದಾಯಿಸಿದ ಮೇಲೆ ನನ್ನ ಬಿಲ್ಲನ್ನು ಒಪ್ಪಲೇಬೇಕು ಅಂತ ಎಲ್ಲಿದೆ? ಖರೀದಿದಾರ ಅಲ್ಲಿ ಓಕೆ ಒತ್ತದಿದ್ದರೆ ಯಾವ ಬ್ಯಾಂಕೂ ಬಿಡ್ ಮಾಡಲ್ಲ. ನನ್ನ ಗಿರಾಕಿ ಖಾತೆ ತೆರೆದು ಸುಮ್ಮನಿದ್ದಾನೆ. ಮತ್ತೆ ಬಡ್ಡಿ ಕಳೆದು ಕೈಗೆ ಬರುವುದು ನನ್ನ ದುಡ್ಡೇ ಅಲ್ವಾ? ಅವನ ತಡಕ್ಕೆ ನಾನು ಯಾಕೆ ಬಡ್ಡಿ ಕಟ್ಟಬೇಕು?

ದಾವಣಗೆರೆ ಹಾರ್ಡ್‌ವೇರ್
ಎಲ್ಲ ಓದಿದೆ. ನಿಮಗಾದರೂ ಕಾನೂನು ಇದೆ. ಕಾಂಟ್ರಾಕ್ಟರ್ ಒಬ್ಬರು ಪೈಪು, ಸಿಮೆಂಟು ತೆಗೆದುಕೊಂಡು ಹೋಗಿ ಎಂಟು ತಿಂಗಳಾಯಿತು, ಪೈಸೆ ಬಂದಿಲ್ಲ. ನನ್ನ ಹತ್ತಿರವೂ ಉದ್ಯಮ್ ಸರ್ಟಿಫಿಕೇಟ್ ಇದೆ. ಈ 45 ದಿನ ನನಗೂ ಅನ್ವಯ ಆಗುತ್ತದಲ್ಲವೇ?

ಲೆಡ್ಜರ್
ಇಲ್ಲ ಅಣ್ಣ. 2021ರ ಜುಲೈನಲ್ಲಿ ಚಿಲ್ಲರೆ, ಸಗಟು ವ್ಯಾಪಾರಿಗಳಿಗೂ ಉದ್ಯಮ್ ನೋಂದಣಿ ಕೊಟ್ಟರು. ಆದರೆ ಬ್ಯಾಂಕಿನ ಆದ್ಯತಾ ವಲಯದ ಸಾಲಕ್ಕೆ ಮಾತ್ರ. ತಡ ಪಾವತಿಯ ರಕ್ಷಣೆ ತಯಾರಕರಿಗೆ, ಸೇವೆ ಕೊಡುವವರಿಗೆ. ನಿಮಗಿರುವುದು ಸಿವಿಲ್ ದಾವೆ, ಮೂರು ವರ್ಷದೊಳಗೆ ಹಾಕಬೇಕು.

ದಾವಣಗೆರೆ ಹಾರ್ಡ್‌ವೇರ್
ಇದು ಅನ್ಯಾಯ. ಸರ್ಟಿಫಿಕೇಟ್ ಒಂದೇ, ನಂಬರ್ ಒಂದೇ ಥರ, ಅವರಿಗೆ ಹಕ್ಕು, ನಮಗೆ ಬರೀ ಸಾಲವಾ?

ಉದ್ಯಮಬಾಗ್
ಬೇಜಾರು ಮಾಡಿಕೊಳ್ಳಬೇಡಿ, ಆದರೆ ಇದು ಸರಿಯಾಗಿಯೇ ಇದೆ. ನೀವು ಕೊಂಡು ಮಾರುವವರು. ನಾವು ಮೆಷಿನ್ ಹಾಕಿ, ಕರೆಂಟ್ ಬಿಲ್ ಕಟ್ಟಿ, ಜನಕ್ಕೆ ಕೆಲಸ ಕೊಟ್ಟು ವಸ್ತು ಮಾಡುತ್ತೇವೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟರೆ ತಯಾರಿಕೆಗೆ ಕೊಡುವ ನೆರವಿಗೆ ಅರ್ಥ ಇರಲ್ಲ.

ದಾವಣಗೆರೆ ಹಾರ್ಡ್‌ವೇರ್
"ಕೊಂಡು ಮಾರುವವರು"! ನನ್ನ ಅಂಗಡಿಯಲ್ಲಿ ಮೂರು ಜನ ಕೆಲಸಕ್ಕೆ ಇದ್ದಾರೆ, ಅವರಿಗೆ ಸಂಬಳ ಕೊಡುವುದು ನಾನೇ. ಗೋಡೌನ್ ಬಾಡಿಗೆ, ಕರೆಂಟ್ ಬಿಲ್ ಎಲ್ಲ ಇದೆ. ನಾನು ಕಂಪನಿಗೆ ಮುಂಗಡ ದುಡ್ಡು ಕಟ್ಟಿ ಮಾಲು ತಂದು, ಹಳ್ಳಿಯ ಗಾರೆ ಕೆಲಸದವನಿಗೆ ಉದ್ರಿ ಕೊಡುತ್ತೇನೆ. ಬ್ಯಾಂಕು ಕೊಡದ ಸಾಲವನ್ನು ನಾನು ಕೊಡುತ್ತೇನೆ. ನಿಮ್ಮ ಕಾಸ್ಟಿಂಗ್ ತಾನಾಗಿ ನಡೆದುಕೊಂಡು ಹೋಗಿ ಗಿರಾಕಿ ಮನೆ ಸೇರುತ್ತದಾ?

ಉದ್ಯಮಬಾಗ್
ನಮ್ಮ ಕಾಸ್ಟಿಂಗ್ ಯಾವ ಅಂಗಡಿಗೂ ಹೋಗಲ್ಲ ರೀ. ನೇರ ಕಂಪನಿಗೆ ಹೋಗುತ್ತದೆ. ಉದ್ರಿ ಕೊಡಿ ಅಂತ ನಿಮಗೆ ಯಾರೂ ಹೇಳಿಲ್ಲ.

ದಾವಣಗೆರೆ ಹಾರ್ಡ್‌ವೇರ್
ಹಾಗಾದರೆ ನಿಮಗೂ ಯಾರು ಹೇಳಿದ್ದು? ನೀವೂ ಕ್ಯಾಶ್ ಮೇಲೆ ಕೊಡಿ! ನಮಗೆ ಹೇಳುವ ಬುದ್ಧಿ ನಿಮಗೆ ಅನ್ವಯ ಆಗಲ್ವಾ? 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಬೇಕರಿ, ತರಕಾರಿ ಅಂಗಡಿಗಳಿಗೆಲ್ಲ ಜಿಎಸ್‌ಟಿ ನೋಟಿಸ್ ಕಳಿಸಿದರು. ಬೆಂಗಳೂರಿನ ಅಂಗಡಿಗಳಲ್ಲಿ "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಅಂತ ಬೋರ್ಡ್ ಬಿತ್ತು. ತೆರಿಗೆ ಕೇಳುವಾಗ ನಾವು ಉದ್ಯಮ. ರಕ್ಷಣೆ ಕೇಳಿದರೆ ನಾವು ಕೊಂಡು ಮಾರುವವರು.

ಲೆಡ್ಜರ್
ಯುಪಿಐ ನೋಟಿಸ್‌ಗೂ ಇದಕ್ಕೂ ಸಂಬಂಧ ಇಲ್ಲ. ಸರಕಿನ ವಾರ್ಷಿಕ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು, ಅದು ಹಳೇ ನಿಯಮ. ಆಮೇಲೆ ಮುಖ್ಯಮಂತ್ರಿಗಳೇ ಸಭೆ ಕರೆದು, ನೋಂದಣಿ ಮಾಡಿಸಿಕೊಂಡರೆ ಹಳೇ ಬಾಕಿ ಕೇಳಲ್ಲ ಅಂದರಲ್ಲ.

ದಾವಣಗೆರೆ ಹಾರ್ಡ್‌ವೇರ್
ಕೇಳಲ್ಲ ಅಂದಿದ್ದು ಬೀದಿಗಿಳಿಯುತ್ತೇವೆ ಅಂದ ಮೇಲೆ. ಅದನ್ನು ಮರೆಯಬೇಡಿ.

ಖಡಕ್ ರೊಟ್ಟಿ
ಕಲಬುರಗಿಯಿಂದ ಬರೆಯುತ್ತಿದ್ದೇನೆ. ಜೋಳದ ರೊಟ್ಟಿ ಘಟಕ, ಐದು ಜನ ಹೆಣ್ಣುಮಕ್ಕಳು. ಕಿರು ಆಹಾರ ಘಟಕಗಳಿಗೆ ಇರುವ ಪಿಎಂಎಫ್‌ಎಂಇ ಯೋಜನೆಯಲ್ಲಿ ರೊಟ್ಟಿ ಮೆಷಿನ್ ತಗೊಂಡೆ. ಕೇಂದ್ರದ 35%, ರಾಜ್ಯದ 15%, ಒಟ್ಟು ಅರ್ಧ ಸಬ್ಸಿಡಿ. ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಆ ಸಬ್ಸಿಡಿ ಮೂರು ವರ್ಷ ಬ್ಯಾಂಕಿನಲ್ಲೇ ಇರುತ್ತದೆ, ಮುಟ್ಟುವ ಹಾಗಿಲ್ಲ. ಮೆಷಿನ್ ಬಂತು, ಜೋಳದ ಚೀಲಕ್ಕೆ ದುಡ್ಡು ಎಲ್ಲಿಂದ ತರೋಣ? ಸೂಪರ್‌ಮಾರ್ಕೆಟ್‌ನವರು ಮಾರಿದ ಮೇಲೆ ದುಡ್ಡು ಅನ್ನುತ್ತಾರೆ. ಡಬ್ಬಿ ಒಳಗೆ ಒಡೆದ ರೊಟ್ಟಿಯನ್ನೆಲ್ಲ ಎಕ್ಸ್‌ಪೈರಿ ಜೊತೆ ಸೇರಿಸಿ ನನಗೇ ವಾಪಸ್ ಕಳಿಸುತ್ತಾರೆ. ಎಂಟನೇ ದಿನಕ್ಕೆ ಕೈಯಲ್ಲಿ ದುಡ್ಡು ಇಡುವುದು ಕಿರಾಣಿ ಅಂಗಡಿ ಅಣ್ಣಂದಿರೇ. ಅವರನ್ನು ಹಂಗ ಸಸಾರ ಮಾಡಬ್ಯಾಡ್ರಿ.

ದಾವಣಗೆರೆ ಹಾರ್ಡ್‌ವೇರ್
ಅಕ್ಕಾ, ನೂರಕ್ಕೆ ನೂರು ಸರಿ. ಕೇಳಿಸಿಕೊಳ್ಳಿ ಬೆಳಗಾವಿಯವರೇ.

ಉದ್ಯಮಬಾಗ್
ಅಕ್ಕ ರೊಟ್ಟಿ ತಯಾರಿಸುವವರು. ಅವರಿಗೆ 45 ದಿನದ ಹಕ್ಕು ಇದೆ, ಇರಬೇಕು. ನಾನು ಹೇಳಿದ್ದೂ ಅದೇ. ಅಕ್ಕಾ, ಆ ಸೂಪರ್‌ಮಾರ್ಕೆಟ್ ಮೇಲೆ ಸಮಾಧಾನ್‌ನಲ್ಲಿ ಅರ್ಜಿ ಹಾಕಿ.

ಖಡಕ್ ರೊಟ್ಟಿ
ಅರ್ಜಿ ಹಾಕಿದ ಮರುದಿನ ನನ್ನ ಡಬ್ಬಿ ಅವರ ರ‍್ಯಾಕ್ ಮೇಲೆ ಇರಲ್ಲ ಅಣ್ಣ. ಪೀಣ್ಯದವರು ಮೊದಲೇ ಅದನ್ನೇ ಹೇಳಿದ್ದಾರೆ. ನೀವು ಓದಿಲ್ಲ.

ಪರ್ಚೇಸ್ ಡೆಸ್ಕ್
"ಒಡೆದ ರೊಟ್ಟಿ" ವಾಪಸ್ ಬರುವುದು ಸಹಜ. ಪ್ಯಾಕಿಂಗ್ ಯಾರ ಜವಾಬ್ದಾರಿ?

ಖಡಕ್ ರೊಟ್ಟಿ
ನಮ್ಮ ಘಟಕದಿಂದ ಹೊರಡುವಾಗ ಒಡೆದಿರಲ್ಲ. ಅಷ್ಟು ಸಾಕು.

ದಾವಣಗೆರೆ ಹಾರ್ಡ್‌ವೇರ್
ಇನ್ನೊಂದು ಕೇಳುತ್ತೇನೆ, ಉತ್ತರ ಕೊಡಿ. 2025ರ ಏಪ್ರಿಲ್‌ನಿಂದ ಎಂಎಸ್‌ಎಂಇ ಮಿತಿ ಏರಿಸಿದರು. ಈಗ 100 ಕೋಟಿ ವಹಿವಾಟು ಇದ್ದವನೂ "ಸಣ್ಣ". 90 ಕೋಟಿಯವನಿಗೆ ಸಣ್ಣವನು ಅಂತ ರಕ್ಷಣೆ. ವರ್ಷಕ್ಕೆ 60 ಲಕ್ಷ ವಹಿವಾಟು ಮಾಡುವ ನನಗೆ ಇಲ್ಲ. ಇದು ಯಾವ ನ್ಯಾಯ?

ಲೆಡ್ಜರ್
ಹೂಡಿಕೆ ಮಿತಿಯೂ ಇದೆ, 25 ಕೋಟಿ. ಬರೀ ವಹಿವಾಟು ಹೇಳಬೇಡಿ.

ದಾವಣಗೆರೆ ಹಾರ್ಡ್‌ವೇರ್
25 ಕೋಟಿ ಮೆಷಿನ್ ಇಟ್ಟವನು ಸಣ್ಣವನಾ ಸರ್? ನನ್ನ ಪ್ರಶ್ನೆಗೆ ಇನ್ನೂ ಜೋರು ಕೊಟ್ಟಿರಿ.

ಪೀಣ್ಯ ಸೆಕೆಂಡ್ ಸ್ಟೇಜ್
ಈ ಮಾತು ನನಗೂ ತಾಗುತ್ತದೆ. ಸರ್ಕಾರಿ ಸಂಸ್ಥೆಗಳು ವಾರ್ಷಿಕ ಖರೀದಿಯ 25% ಕಿರು ಮತ್ತು ಸಣ್ಣ ಘಟಕಗಳಿಂದ ಮಾಡಬೇಕು ಅಂತ 2012ರ ನೀತಿ ಇದೆ. ಈಗ ಆ ಟೆಂಡರ್‌ನಲ್ಲಿ 90 ಕೋಟಿಯವರೂ ನನ್ನ ಪಕ್ಕದಲ್ಲೇ ನಿಲ್ಲುತ್ತಾರೆ.

ಉದ್ಯಮಬಾಗ್
ಮಿತಿ ಏರಿಸದಿದ್ದರೆ ಬೆಳೆಯುವುದಕ್ಕೇ ಹೆದರುತ್ತಿದ್ದೆವು. ಮಿತಿ ದಾಟಿದರೆ ಸವಲತ್ತು ಹೋಗುತ್ತದೆ ಅಂತ ಹೊಸ ಶೆಡ್ಡನ್ನು ಹೆಂಡತಿ ಹೆಸರಲ್ಲಿ ಹಾಕುತ್ತಿದ್ದವರನ್ನು ನಾನು ನೋಡಿದ್ದೇನೆ. ಸಣ್ಣ ಘಟಕದ ಸಾಲಕ್ಕೆ ಬ್ಯಾಂಕಿಗೆ ಸಿಗುವ ಸಿಜಿಟಿಎಂಎಸ್‌ಇ ಗ್ಯಾರಂಟಿಯನ್ನೂ 5 ಕೋಟಿಯಿಂದ 10 ಕೋಟಿಗೆ ಏರಿಸಿದ್ದಾರೆ. ಆಸ್ತಿ ಅಡ ಇಡದೆ ಸಾಲ ಸಿಗುವುದಕ್ಕೆ ಇದು ದೊಡ್ಡ ಆಸರೆ. ಒಳ್ಳೆಯದನ್ನು ಒಳ್ಳೆಯದು ಅನ್ನಿ.

ಪೀಣ್ಯ ಸೆಕೆಂಡ್ ಸ್ಟೇಜ್
"ಅಡ ಇಡದೆ". ನಾನು ಹೋದ ಬ್ಯಾಂಕಿನಲ್ಲಿ ಗ್ಯಾರಂಟಿ ಶುಲ್ಕವನ್ನೂ ಕಟ್ಟಿಸಿಕೊಂಡು, ಮನೆ ಪತ್ರವನ್ನೂ ಕೇಳಿದರು. ಗ್ಯಾರಂಟಿ ಇರುವುದು ಬ್ಯಾಂಕಿನ ಭಯಕ್ಕೆ. ನನಗೆ ಸಾಲ ಬೇಡ, ನನ್ನ ಬಾಕಿ ಬೇಕು. ಗಿರಾಕಿ 45 ದಿನಕ್ಕೆ ಕೊಟ್ಟರೆ ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲ ಇಲ್ಲದೆಯೇ ಸಂಬಳ ಆಗುತ್ತದೆ.

ಮತ್ತೆ ನನ್ನ ಮೊದಲ ಮಾತಿಗೆ ಬನ್ನಿ, ಯಾರೂ ಉತ್ತರ ಕೊಟ್ಟಿಲ್ಲ. ಸರ್ಕಾರ ತಾನಾಗಿ ವಸೂಲಿ ಮಾಡಲು ಏನು ಅಡ್ಡಿ?

ಲೆಡ್ಜರ್
ಪೋರ್ಟಲ್‌ಗೆ ಬಿಲ್ ಗೊತ್ತು, ಪಾವತಿ ಗೊತ್ತಿಲ್ಲ. ಅದೇ ಅಡ್ಡಿ.

ಪೀಣ್ಯ ಸೆಕೆಂಡ್ ಸ್ಟೇಜ್
2024ರ ಅಕ್ಟೋಬರ್‌ನಿಂದ ಜಿಎಸ್‌ಟಿ ಪೋರ್ಟಲ್‌ನಲ್ಲಿ ಐಎಂಎಸ್ ಅನ್ನೋ ಬಿಲ್ ನಿರ್ವಹಣೆ ವ್ಯವಸ್ಥೆ ಬಂದಿದೆ. ಖರೀದಿದಾರ ನನ್ನ ಬಿಲ್ಲನ್ನು ಒಪ್ಪಿದ, ತಿರಸ್ಕರಿಸಿದ ಅಂತ ಅಲ್ಲೇ ಒತ್ತಬಹುದು. ನನ್ನ ಬಿಲ್ ಒಪ್ಪಿ, ಅದರ ತೆರಿಗೆಯನ್ನು ತನ್ನ ತೆರಿಗೆಯಲ್ಲಿ ಕಳೆದುಕೊಳ್ಳುವ ಜಿಎಸ್‌ಟಿ ಕ್ರೆಡಿಟ್ ತೆಗೆದುಕೊಂಡವನು, ದುಡ್ಡು ಕೊಡುವಾಗ ಮಾಲು ಸರಿ ಇಲ್ಲ ಅನ್ನುವುದು ಹೇಗೆ? 180 ದಿನದೊಳಗೆ ಕೊಡದಿದ್ದರೆ ಆ ಕ್ರೆಡಿಟ್ ವಾಪಸ್ ಕಟ್ಟಬೇಕು ಅಂತ ಜಿಎಸ್‌ಟಿಯಲ್ಲಿ ಈಗಲೇ ಇದೆ. ಆ 180ನ್ನು ಸಣ್ಣ ಘಟಕದ ಬಿಲ್ಲಿಗೆ 45 ಮಾಡಿ. ನಾನು ದೂರು ಕೊಡಬೇಕಾಗಿಲ್ಲ, ಗಿರಾಕಿ ನನ್ನ ಮೇಲೆ ಸಿಟ್ಟಾಗಬೇಕಾಗಿಲ್ಲ.

ಪರ್ಚೇಸ್ ಡೆಸ್ಕ್
ಹಾಗೆ ಮಾಡಿದರೆ ನಾವು ನೋಂದಣಿ ಇಲ್ಲದವರ ಹತ್ತಿರ, ಇಲ್ಲ ಮಧ್ಯಮ ಘಟಕಗಳ ಹತ್ತಿರ ಕೊಳ್ಳುತ್ತೇವೆ. ಮಧ್ಯಮಕ್ಕೆ ಈ 45 ದಿನ ಇಲ್ಲ. ಬೆದರಿಕೆ ಅಲ್ಲ, ಹೀಗೇ ಆಗುತ್ತದೆ ಅಂತ ಹೇಳುತ್ತಿದ್ದೇನೆ.

ಪೀಣ್ಯ ಸೆಕೆಂಡ್ ಸ್ಟೇಜ್
ಅದಕ್ಕೇ ಎಲ್ಲರ ಬಿಲ್ಲಿಗೂ ಒಂದೇ ಗಡುವು ಹಾಕಲಿ. ಆಗ ಎಲ್ಲಿಗೆ ಹೋಗುತ್ತೀರಿ?

ದಾವಣಗೆರೆ ಹಾರ್ಡ್‌ವೇರ್
"ಎಲ್ಲರ ಬಿಲ್ಲಿಗೂ" ಅಂದಿರಲ್ಲ, ಅದರಲ್ಲಿ ನನ್ನದೂ ಸೇರಿತು. ನನ್ನ ಬಿಲ್ಲೂ ಅದೇ ಪೋರ್ಟಲ್‌ನಲ್ಲಿ ಇದೆ.

ಉದ್ಯಮಬಾಗ್
ಮೊದಲು ತಯಾರಕರಿಗೆ ಸರಿಯಾಗಲಿ, ಆಮೇಲೆ ಮಿಕ್ಕವರು. ಎಲ್ಲರನ್ನೂ ತುಂಬಿಸಿದರೆ ಕೌನ್ಸಿಲ್ ಮುಂದಿನ ಸಾಲು ಇನ್ನೂ ಉದ್ದ ಆಗುತ್ತದೆ.

ಲೆಡ್ಜರ್
ವ್ಯಾಪಾರಿಗಳ ವಿಷಯಕ್ಕೆ ಬೇರೆ ಚರ್ಚೆ ಶುರು ಮಾಡಿ. ಇಲ್ಲಿ 45 ದಿನದ ಬಗ್ಗೆ ಮಾತ್ರ ಇರಲಿ.

ದಾವಣಗೆರೆ ಹಾರ್ಡ್‌ವೇರ್
ನಾನೂ 45 ದಿನದ ಬಗ್ಗೆಯೇ ಮಾತಾಡುತ್ತಿರುವುದು. ಎಂಟು ತಿಂಗಳಾಯಿತು ಅಂದೆನಲ್ಲ, ಅದಕ್ಕೆ ಯಾರಾದರೂ ಉತ್ತರ ಕೊಟ್ಟಿರಾ?