ಅಪ್‌ಡೇಟ್: ನಂಚಾಕು ಭುಜದ ಹಿಂದಿನಿಂದ ಕೈಗೆ ಸಿಗ್ತಿದೆ!

ಮನೆಯಲ್ಲಿ ಒಬ್ಬನೇ ನಂಚಾಕು (ಎರಡು ಕೋಲುಗಳನ್ನು ಸರಪಳಿ ಅಥವಾ ಹಗ್ಗದಿಂದ ಜೋಡಿಸಿದ ಆಯುಧ) ಕಲಿಯುತ್ತಿದ್ದೇನೆ, ಭುಜದ ಮೇಲಿಂದ ಬೀಸಿದ ಕೋಲು ಇನ್ನೊಂದು ಕೈಗೆ ಸಿಗುತ್ತಿಲ್ಲ ಅಂತ ಕೇಳಿದ್ದೆ. ಈಗ ಸಿಗುತ್ತಿದೆ! ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಜಾಸ್ತಿ ಸಹಾಯ ಆಗಿದ್ದು 'ಕೋಲನ್ನು ಹುಡುಕಬೇಡ, ಕೈಯನ್ನು ಮೊದಲೇ ಅಲ್ಲಿಡು' ಅನ್ನೋ ಮಾತು. ಎಡಗೈ ಬಲಗಂಕುಳ ಕೆಳಗೆ ಅಂಗೈ ತೆರೆದು ಕಾಯುತ್ತಿರಬೇಕು. ಬಲಗೈ ಮೊಣಕೈಯನ್ನು ಮೇಲೆತ್ತಿದರೆ ಕೋಲು ಬೆನ್ನ ಪಕ್ಕದಲ್ಲಿ ಇಳಿದು ತಾನಾಗಿ ಅಂಗೈಗೆ ಬಂದು ಬೀಳುತ್ತದೆ. ಆ ಟಪ್ ಅನ್ನೋ ಸದ್ದು ಕೇಳೋಕೆ ಎಷ್ಟು ಖುಷಿ!

ಸರಪಳಿಯ ಹತ್ತಿರ ಹಿಡಿದರೆ ಹಿಡಿತ ಚೆನ್ನಾಗಿರುತ್ತದೆ, ತುದಿಯಲ್ಲಿ ಹಿಡಿದರೆ ಹೊಡೆತ ಜೋರು. ನಾನು ಸದ್ಯಕ್ಕೆ ಹತ್ತಿರವೇ ಹಿಡಿಯುತ್ತಿದ್ದೇನೆ. ಜಪಾನಿನ ಒಕಿನಾವಾ ದ್ವೀಪದ ಹಳೇ ಪದ್ಧತಿಯಂತೆ ಹಗ್ಗದ ನಂಚಾಕು ಬೇಕು ಅಂತ ಆಸೆಯಿದೆ. ಆದರೆ ಎಡಗೈ ಪಳಗುವವರೆಗೆ ಫೋಮ್‌ನದ್ದೇ ಸಾಕು.