ಪಳೆಯುಳಿಕೆ ಕೀಟದ ರೆಕ್ಕೆ: ಸಿರೆಯೋ ನರವೋ? (ತುರ್ತು)

ನಮಸ್ಕಾರ. ಪ್ರದರ್ಶನ ಫಲಕವೊಂದರ ಕನ್ನಡ ಪಠ್ಯ ನಾಳೆ ಸಂಜೆ ಮುದ್ರಣಕ್ಕೆ ಹೋಗಬೇಕು. ಚಿತ್ರ ಎರಡು: ಮೆಗಾನ್ಯೂರಾದ (ಏರೋಪ್ಲೇನ್ ಚಿಟ್ಟೆಗಳ ಹಳೆಯ ದೈತ್ಯ ಬಂಧು) ಮುಂದಿನ ರೆಕ್ಕೆ, ಸ್ಟೆನೊಡಿಕ್ಟಿಯಾದ (ಅಳಿದುಹೋದ ಇನ್ನೊಂದು ಕೀಟ) ಮುಂದಿನ ರೆಕ್ಕೆ. ಎರಡೂ ಫ್ರಾನ್ಸಿನ ಕಮಾಂತ್ರಿಯ ಕಲ್ಲಿದ್ದಲ ಪದರದವು, ಸುಮಾರು 30 ಕೋಟಿ ವರ್ಷ ಹಳೆಯವು. ಪ್ರತಿ ಬಾಣದ ಪಕ್ಕ ಎರಡು ಪದಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಸದ್ಯಕ್ಕೆ ಹೀಗೆ ಹಾಕಿದ್ದೇನೆ:

ವೇನ್: ನರ
ವೆನೇಷನ್: ನರವಿನ್ಯಾಸ
ಕ್ರಾಸ್‌ವೇನ್: ಅಡ್ಡನರ
ಮೀಡಿಯಾ: ನಡುನರ
ಏನಲ್ ವೇನ್: ಗುದನರ
ಟೆರೊಸ್ಟಿಗ್ಮಾ: ರೆಕ್ಕೆಚುಕ್ಕೆ
ಕಾನ್ವೆಕ್ಸ್, ಕಾನ್‌ಕೇವ್: ಪೀನ, ನಿಮ್ನ

ಆರ್ಕಿಡಿಕ್ಟಿಯಾನ್, ಪಾರ್ಟ್, ಕೌಂಟರ್‌ಪಾರ್ಟ್ ಇವಕ್ಕೆ ಏನೂ ಹೊಳೆದಿಲ್ಲ. ದಯವಿಟ್ಟು ಬೇಗ ತಿಳಿಸಿ.

* * *

> ನರ, ನರವಿನ್ಯಾಸ

ಬೇಡ. ಕೀಟದ ರೆಕ್ಕೆಯಲ್ಲಿ ಇದು ಟೊಳ್ಳು ಕೊಳವೆ. ಒಳಗೆ ರಕ್ತದ್ರವ ಹರಿಯುತ್ತದೆ, ಉಸಿರುನಾಳ ಸಾಗುತ್ತದೆ, ದೊಡ್ಡವುಗಳಲ್ಲಿ ನಿಜವಾದ ನರವೂ ಇರುತ್ತದೆ. ಮುಂದಿನ ಫಲಕದಲ್ಲಿ 'ನರದೊಳಗಿನ ನರ' ಎಂದು ಬರೆಯಬೇಕಾದೀತು. ಸಿರೆ, ಸಿರಾವಿನ್ಯಾಸ, ಅಡ್ಡಸಿರೆ ಎನ್ನಿ.

> ನಡುನರ

ಇದಂತೂ ಖಂಡಿತ ಬೇಡ. ಕೀಟವಿಜ್ಞಾನಿಗಳಾದ ಕಾಮ್‌ಸ್ಟಾಕ್ ಮತ್ತು ನೀಧಮ್ 1898–99ರಲ್ಲಿ ಮೀಡಿಯಾದಂಥ ಸಿರೆಯ ಹೆಸರುಗಳನ್ನು ಎಲ್ಲ ಕೀಟಗಳಿಗೂ ಅನ್ವಯಿಸಿದ್ದು ಸಿರೆ ಎಲ್ಲಿದೆ ಎಂದು ಹೇಳಲಿಕ್ಕಲ್ಲ, ಯಾವುದು ಯಾವುದರ ವಂಶದ್ದು ಎಂದು ಹೇಳಲಿಕ್ಕೆ. ಏರೋಪ್ಲೇನ್ ಚಿಟ್ಟೆಗಳ ರೆಕ್ಕೆಯ ನಡುಭಾಗವನ್ನು ತುಂಬಿರುವುದು ಬಹುಪಾಲು ರೇಡಿಯಸ್ ಎಂಬ ಬೇರೊಂದು ಸಿರೆಯ ಹಿಂಗವಲುಗಳು. 'ನಡುಸಿರೆ' ಎಂದು ಓದಿದವರು ನೇರ ಅಲ್ಲಿಗೇ ಬೆರಳಿಡುತ್ತಾರೆ. ಕಾಸ್ಟಾ, ಸಬ್‌ಕಾಸ್ಟಾ, ರೇಡಿಯಸ್, ಮೀಡಿಯಾ, ಕ್ಯೂಬಿಟಸ್ ಎಂಬ ಮುಖ್ಯ ಸಿರೆಗಳ ಹೆಸರು ಹಾಗೇ ಇರಲಿ.

> ಗುದನರ

ಆ ಸಿರೆಗೂ ಗುದಕ್ಕೂ ಸಂಬಂಧವಿಲ್ಲ. ರೆಕ್ಕೆಯ ಹಿಂದಿನ, ಬುಡದ ಕಡೆಯ ಭಾಗ ಅಷ್ಟೆ. 'ಹಿಂಬದಿ ಸಿರೆ' ಸಾಕು.

> ರೆಕ್ಕೆಚುಕ್ಕೆ

ಪದ ಚೆನ್ನಾಗಿದೆ, ಬಾಣ ತಪ್ಪು. ಟೆರೊಸ್ಟಿಗ್ಮಾ ಎಂದರೆ ರೆಕ್ಕೆಯ ಮುಂದಿನ ಅಂಚಿನಲ್ಲಿ ತುದಿಯ ಕಡೆ ಇರುವ ಬಣ್ಣದ ಚುಕ್ಕೆ. ಮೆಗಾನ್ಯೂರಾಕ್ಕೆ ಅದು ಇಲ್ಲ, ಆ ಅಂಚಿನ ನಡುವಿನ ಗಂಟೂ ಇಲ್ಲ. ಯಾರೋ ಈಗಿನ ಏರೋಪ್ಲೇನ್ ಚಿಟ್ಟೆಯನ್ನು ಮುಂದಿಟ್ಟುಕೊಂಡು ಬರೆದ ಚಿತ್ರ ಅದು. ಬಾಣ ತೆಗೆಸಿ, ಆಗದಿದ್ದರೆ ಚಿತ್ರವನ್ನೇ ಬದಲಿಸಿ.

ಆರ್ಕಿಡಿಕ್ಟಿಯಾನ್‌ಗೆ 'ಆದಿಜಾಲ'. ಮುಖ್ಯ ಸಿರೆಗಳ ನಡುವೆ ಅಡ್ಡಸಿರೆಗಳಾಗಿ ಸಾಲುಗೊಳ್ಳದೆ ಅಂಕುಡೊಂಕಾಗಿ ಹೆಣೆದುಕೊಂಡಿರುವ ಸಣ್ಣ ಕಣ್ಣಿನ ಬಲೆ ಅದು. ಸ್ಟೆನೊಡಿಕ್ಟಿಯಾದಲ್ಲಿ ಚೆನ್ನಾಗಿ ಕಾಣುತ್ತದೆ. ಅಲ್ಲಿ 'ಅಡ್ಡಸಿರೆ' ಬಾಣ ಹಾಕಬೇಡಿ.

* * *

ಸಿರೆ ಸಂಸ್ಕೃತದ ಸಾಲ. ನರ ನಮ್ಮದು, ತಮಿಳಿನ ನರಂಬು ಅದರ ಒಡಹುಟ್ಟು. ಎಲೆಯ ನರ ಎಂದು ಹಳ್ಳಿಯ ಮಕ್ಕಳೂ ಹೇಳುತ್ತಾರೆ, ಅದರೊಳಗೆ ಯಾವ ನರವಿದೆ ಎಂದು ಯಾರೂ ಕೇಳಿಲ್ಲ. ಇನ್ನು ರೆಕ್ಕೆ. ಹಳಗನ್ನಡದ ಎಱಕೆ ಸವೆದು ಸವೆದು ರೆಕ್ಕೆಯಾಗಿದೆ. 'ಎರಕೆನರ' ಎಂದರೆ ಒಂದೇ ಪದದಲ್ಲಿ ಮುಗಿಯಿತು. ಆದಿಜಾಲವಂತೆ! 'ಹಳೆಬಲೆ' ಎನ್ನಲು ನಾಚಿಕೆಯೇ? ಅಂದಹಾಗೆ ಅಡ್ಡಸಿರೆ ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಅಂಟಿಸಿದ್ದು.

* * *

ಅರಿಸಮಾಸ ಅಲ್ಲ. ಮಾಲಾ ಮಾಲೆಯಾದಂತೆ ಸಿರಾ ಸಿರೆಯಾಗಿದೆ. ತದ್ಭವದ ಜೊತೆ ಕನ್ನಡ ಪದ ಕೂಡಿದರೆ ವ್ಯಾಕರಣಕಾರ ಕೇಶಿರಾಜನ ತಕರಾರೇನೂ ಇಲ್ಲ.

'ಎರಕೆ' ಇಲ್ಲಿ ಅಪಾಯಕಾರಿ. ಪಳೆಯುಳಿಕೆಯ ಕೆಲಸದಲ್ಲಿ ಎರಕ ಎಂದರೆ ಅಚ್ಚಿಗೆ ಹೊಯ್ದು ತೆಗೆದ ಪ್ರತಿರೂಪ. ಫಲಕದ ಕೆಳಗೆ ರೆಕ್ಕೆಯ ಪ್ಲಾಸ್ಟರ್ ಪ್ರತಿ ಇಟ್ಟರೆ ಅದು 'ಎರಕೆಯ ಎರಕ'.

ಪೀನ, ನಿಮ್ನ ಮಸೂರಕ್ಕಿರಲಿ. 'ಉಬ್ಬುಸಿರೆ', 'ತಗ್ಗುಸಿರೆ' ಹಾಕಿ. ರೆಕ್ಕೆ ಬೀಸಣಿಗೆಯಂತೆ ಮಡಿಕೆ ಮಡಿಕೆಯಾಗಿದೆ. ಕಾಸ್ಟಾ ಉಬ್ಬು, ಸಬ್‌ಕಾಸ್ಟಾ ತಗ್ಗು, ರೇಡಿಯಸ್ಸಿನ ಮುಂಗವಲು ಉಬ್ಬು, ಹಿಂಗವಲು ತಗ್ಗು. ಕೂಡು, ಕಳೆ ಚಿಹ್ನೆಗಳಲ್ಲಿ ಬರೆಯುವುದು ಇದನ್ನೇ.

ಕಲ್ಲು ಸೀಳಿದಾಗ ಸಿಗುವ ಎರಡು ಹೋಳುಗಳಿಗೆ 'ಅಚ್ಚು', 'ಎದುರಚ್ಚು'. ಒಂದರಲ್ಲಿ ಉಬ್ಬಿದ್ದು ಇನ್ನೊಂದರಲ್ಲಿ ತಗ್ಗು. ರೆಕ್ಕೆಯನ್ನು ಕೆಳಗಿನಿಂದ ನೋಡುತ್ತಿದ್ದರೂ ಹೀಗೇ ತಿರುಗುಮುರುಗು. ಹಾಗಾಗಿ ಕಲ್ಲಿನಲ್ಲಿ ಕಂಡದ್ದನ್ನು ಬರೆಯಬೇಡಿ, ಮೇಲಿನಿಂದ ನೋಡಿದ ರೆಕ್ಕೆಯಲ್ಲಿ ಹೇಗಿತ್ತೋ ಹಾಗೆ ಬರೆಯಿರಿ. ಗುರುತು ಹಿಡಿಯಲು ಸಬ್‌ಕಾಸ್ಟಾ ನೋಡಿ: ರೆಕ್ಕೆಯ ಮುಂದಿನ ಅಂಚಿಗೆ ಹತ್ತಿರ, ಅದರ ಜೊತೆಜೊತೆಗೇ ಸಾಗುವ ಸಿರೆ. ಅದು ಕಲ್ಲಿನಲ್ಲಿ ಏರಿಯಾಗಿ ನಿಂತಿದ್ದರೆ ನಿಮ್ಮ ಚಿತ್ರದಲ್ಲಿ ಎಲ್ಲವೂ ತಿರುಗಿದೆ ಎಂದರ್ಥ.

* * *

ಅಚ್ಚು ಅಕ್ಷದ ತದ್ಭವ. ಈಗ ಸಂಸ್ಕೃತ ಬೇಕಾಯಿತೇ?

* * *

ಅದು ಬಂಡಿಯ ಅಚ್ಚು. ಬೆಲ್ಲದ ಅಚ್ಚು ಬೇರೆ ಪದ. ನಿಘಂಟು ತೆರೆಯಿರಿ.

* * *

ಇಬ್ಬರೂ ಮೂಲ ಪ್ರಶ್ನೆ ಬಿಟ್ಟಿರಿ. ಫಾಸಿಲ್ ಎಂಬುದಕ್ಕೆ ಪಳೆಯುಳಿಕೆ ಎಂದು ಕಟ್ಟಿದಾಗ ಯಾರ ಅಪ್ಪಣೆಯನ್ನೂ ಕಾಯಲಿಲ್ಲ, ಪದ ನಿಂತಿತು. ಕ್ಯೂಬಿಟಸ್ ಎಂದರೆ ಲ್ಯಾಟಿನ್ನಿನಲ್ಲಿ ಮೊಣಕೈ. ಲ್ಯಾಟಿನ್ನಿನವರು ಮನೆಮಾತನ್ನೇ ತಂದು ಹಾಕಿಕೊಂಡರು, ನಾವು ಮಾತ್ರ ಅವರ ಮನೆಮಾತನ್ನು ಪೂಜೆಗಿಟ್ಟಿದ್ದೇವೆ. ಓದುವವರು ಶಾಲೆಯ ಮಕ್ಕಳು. ಅವರಿಗೆ ಸಬ್‌ಕಾಸ್ಟಾದಿಂದ ಏನು ತಿಳಿಯುತ್ತದೆ?

* * *

'ಮೊಣಕೈ ಸಿರೆ'ಯಿಂದ ಏನು ತಿಳಿಯುತ್ತದೆ? ರೆಕ್ಕೆಗೆ ಮೊಣಕೈ ಎಲ್ಲಿದೆ ಎಂದು ಹುಡುಕುತ್ತಾರೆ. ಅವು ಅಂಕಿತನಾಮ ಇದ್ದ ಹಾಗೆ, ಅರ್ಥ ಹೇಳಬೇಕಿಲ್ಲ. ಅರ್ಥ ಬೇಕಾದಲ್ಲಿ ಕನ್ನಡ: ಉಬ್ಬು, ತಗ್ಗು, ಅಡ್ಡ, ಎದುರಚ್ಚು. ಬೇಡವಾದಲ್ಲಿ ಹೆಸರು. ಸಾಲ ಮಾಡಬಾರದು ಎಂಬ ಹಟದಲ್ಲಿ ಎರಡನ್ನೂ ಕಲಸಿದರೆ ಮಕ್ಕಳಿಗೆ ಯಾವುದೂ ಸಿಗುವುದಿಲ್ಲ.

* * *

ಎಲ್ಲರಿಗೂ ಧನ್ಯವಾದ. ಸಿರೆ, ಅಡ್ಡಸಿರೆ, ಹಿಂಬದಿ ಸಿರೆ, ಉಬ್ಬುಸಿರೆ, ತಗ್ಗುಸಿರೆ, ಅಚ್ಚು, ಎದುರಚ್ಚು, ಆದಿಜಾಲ ಹಾಕುತ್ತಿದ್ದೇನೆ. ರೆಕ್ಕೆಚುಕ್ಕೆಯ ಬಾಣ ತೆಗೆಸಿದೆ. ಒಂದು ಕೇಳುವುದಿದೆ: ಸ್ಟೆನೊಡಿಕ್ಟಿಯಾದ ಫೋಟೊವನ್ನು ವಿನ್ಯಾಸಕರು ಜಾಗಕ್ಕೆ ಹೊಂದಲೆಂದು ತಲೆಕೆಳಗು ಮಾಡಿದ್ದಾರೆ. ತೊಂದರೆ ಇದೆಯೇ?

* * *

ಇದೆ. ಇಂಥ ಫೋಟೊದಲ್ಲಿ ಬೆಳಕು ಎಡಮೇಲ್ಗಡೆಯಿಂದ ಓರೆಯಾಗಿ ಬೀಳುವುದು ವಾಡಿಕೆ. ಪೂರ್ತಿ ತಿರುಗಿಸಿದರೆ ನೆರಳು ಆಚೆ ಬದಿಗೆ ಹೋಗಿ, ಏರಿಗಳು ಕಣ್ಣಿಗೆ ತೋಡುಗಳಾಗಿ ಕಾಣುತ್ತವೆ. 'ಉಬ್ಬುಸಿರೆ' ಬಾಣ ಹಳ್ಳವನ್ನು ತೋರಿಸುತ್ತದೆ. ಮೊದಲಿದ್ದಂತೆ ನಿಲ್ಲಿಸಲು ಹೇಳಿ. ಒಪ್ಪದಿದ್ದರೆ ಬೆಳಕಿನ ದಿಕ್ಕಿಗೆ ಒಂದು ಸಣ್ಣ ಬಾಣವನ್ನು ಮೂಲೆಯಲ್ಲಿ ಹಾಕಿಸಿ.

* * *

ಹಳೆಬಲೆಯೇ ಸರಿ.