ಸಹಾಯ ಬೇಕು: ದಾವಣಗೆರೆಯಲ್ಲಿ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್

ಎಲ್ಲರಿಗೂ ನಮಸ್ಕಾರ. ವಿದ್ಯಾನಗರದ ನಮ್ಮ ಮನೆ ಮೇಲೆ ಒಂದು ಮಹಡಿ ಕಟ್ಟಿಸಿದೀವಿ. ಬೆಸ್ಕಾಂ ಮೀಟರಿಗೆ ಅರ್ಜಿ ಹಾಕೋಕೆ ಲೈಸೆನ್ಸ್ ಇರೋ ಕಂಟ್ರಾಕ್ಟರ್ ಸಹಿ ಬೇಕು. ವೈರಿಂಗ್ ಮಾಡಿದವರ ಹತ್ರ ಲೈಸೆನ್ಸೇ ಇಲ್ಲ ಅಂತ ಈಗ ಗೊತ್ತಾಯ್ತು. (ಮೊದಲೇ ಕೇಳಬೇಕಿತ್ತು, ತಪ್ಪು ನಂದೇ.) ಮೊನ್ನೆ ಗೀಸರ್‌ನ ನಲ್ಲಿ ಮುಟ್ಟಿದ್ರೆ ಜುಮ್ ಅಂತು. ಬೋರ್ಡ್ ಬಿಚ್ಚಿ ನೋಡಿದ್ರೆ ಹಸಿರು ವೈರು (ಅರ್ಥಿಂಗ್ ವೈರು) ಎಲ್ಲಿಗೂ ಸೇರಿಸದೆ ಹಾಗೇ ಮಡಚಿಟ್ಟಿದಾರೆ! ಬರೀ ಸಹಿ ಹಾಕಿ ದುಡ್ಡು ತಗೊಂಡು ಹೋಗೋರು ಬೇಡ. ಅರ್ಥಿಂಗ್ ಚೆಕ್ ಮಾಡಿ, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಲೀಕ್ ಆದ್ರೆ ತಾನೇ ಆಫ್ ಆಗೋ ಸ್ವಿಚ್) ಕೂರಿಸಿಕೊಡೋರು ಬೇಕು.

ಇನ್ನೊಂದು ವಿಷಯ. ಅಕ್ಕನ ಮಗ 2 ವರ್ಷದ ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿದಾನೆ. ವಿದ್ಯುತ್ ಪರಿವೀಕ್ಷಣಾಲಯದಿಂದ ವೈರ್‌ಮನ್ ಪರ್ಮಿಟ್ ತಗೊಂಡೋರು ಇದ್ರೆ ಯಾವ ಕಾಗದ ಕೇಳಿದ್ರು, ಎಷ್ಟು ದಿನ ಹಿಡೀತು ಹೇಳ್ತೀರಾ? ಕಲಿಯೋಕೆ ಒಳ್ಳೆ ಮೇಸ್ತ್ರಿ ಕೈಕೆಳಗೆ ಸೇರಿಸೋಣ ಅಂತಾನೂ ಇದೆ.